ಹೊಂಗೆ ಎಣ್ಣೆ, ಕಜ್ಜಿ ನುಸಿ ಮತ್ತು ಜಗ್ಗದ ಮೊಟ್ಟೆಗಳು

ಹೊಂಗೆ ಎಣ್ಣೆ ಕಜ್ಜಿ ನುಸಿಗಳನ್ನು ಕೊಲ್ಲುತ್ತದೆಯೇ ಎಂದು ತಿಳಿಯಲು, ಮೊಲದ ಕಿವಿಯ ಹಕ್ಕಳೆಯಿಂದ ತೆಗೆದ ನುಸಿಗಳ ಮೇಲೆ ನಡೆಸುತ್ತಿರುವ ಪರೀಕ್ಷೆ ಈ ಮಳೆಗಾಲದಲ್ಲಿ ಕೊನೆಗೂ ನಂಬಬಹುದಾದ ಫಲ ಕೊಟ್ಟಿದೆ. ಮನುಷ್ಯರಿಗೆ ತುರಿಕಜ್ಜಿ ತರುವ ಸಾರ್ಕಾಪ್ಟಿಸ್ ಎಂಬ ನುಸಿ ಚರ್ಮದೊಳಗೆ ಬಿಲ ಕೊರೆದು ಕೂರುವುದರಿಂದ ಕೈಗೆ ಸಿಗುವುದು ಕಷ್ಟ. ಮೊಲದ ಕಿವಿಯಲ್ಲಿ ಸಿಗುವ ಅದರ ಬಂಧು ಸೊರಾಪ್ಟಿಸ್ ಚರ್ಮದ ಮೇಲೆಯೇ ಇದ್ದು, ಗಾತ್ರದಲ್ಲಿ ದೊಡ್ಡದಾಗಿ, ಮೈಬಿಟ್ಟ ಮೇಲೂ ಹೆಚ್ಚು ಕಾಲ ಬದುಕುತ್ತದೆ.

ಇಷ್ಟು ದಿನ ಕಾಡಿದ್ದು ಒಂದೇ ತೊಡಕು. ಹೊಂಗೆ ಎಣ್ಣೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಾಕಿದರೆ ನುಸಿಗಳು ಸಾಯುತ್ತಿದ್ದವು, ಆದರೆ ಹೋಲಿಕೆಗೆಂದು ಇಟ್ಟ ಬರಿಯ ಕೊಬ್ಬರಿ ಎಣ್ಣೆಯಲ್ಲಿಯೂ ಸಾಯುತ್ತಿದ್ದವು. ಈ ನುಸಿಗಳಿಗೆ ಶ್ವಾಸನಾಳಗಳಿಲ್ಲ, ಉಸಿರಾಟವೆಲ್ಲ ಮೈಯ ಹೊದಿಕೆಯ ಮೂಲಕವೇ. ಹಾಗಿರುವಾಗ ಕೊಂದದ್ದು ಹೊಂಗೆಯ ಸತ್ವವೋ, ಉಸಿರು ಕಟ್ಟಿಸಿದ ಜಿಡ್ಡೋ ಎಂದು ಹೇಳುವುದಾದರೂ ಹೇಗೆ? ದಾರಿ ಸಿಕ್ಕಿದ್ದು ಚರ್ಮರೋಗ ತಜ್ಞರ ರೂಢಿಯಿಂದ: ಚರ್ಮ ಕೆರೆದು ಸ್ಲೈಡಿಗೆ ಹಾಕುವಾಗ, ನುಸಿ ಜೀವಂತವಾಗಿ ಓಡಾಡುವುದು ಕಾಣಲೆಂದು ಅವರು ಖನಿಜ ತೈಲ ಬಳಸುತ್ತಾರೆ. ಅದರಂತೆ ಲಿಕ್ವಿಡ್ ಪ್ಯಾರಾಫಿನ್ ಎಂಬ ಖನಿಜ ತೈಲವನ್ನೇ ಮೂಲದ್ರವವಾಗಿಸಿ, ಒಂದು ಬಟ್ಟಲಿಗೆ ಶೇ. 10ರಷ್ಟು ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಅಷ್ಟೇ ಹೊಂಗೆ ಎಣ್ಣೆ ಸೇರಿಸಿದೆ. ಮೂರನೆಯದು ಬರಿಯ ಪ್ಯಾರಾಫಿನ್. ಬೆಳಿಗ್ಗೆ ಇಟ್ಟದ್ದನ್ನು ಸಂಜೆ ನೋಡಿದಾಗ ಹೊಂಗೆಯ ಬಟ್ಟಲಿನ ನುಸಿಗಳು ಸೂಜಿಮೊನೆ ತಾಗಿಸಿದರೂ ಕಾಲು ಮಡಚಲಿಲ್ಲ; ಉಳಿದೆರಡರಲ್ಲಿ ಹೆಚ್ಚಿನವು ನಿಧಾನವಾಗಿಯಾದರೂ ಕಾಲಾಡಿಸುತ್ತಿದ್ದವು.

ಎಣ್ಣೆಯ ವಿಷಯದಲ್ಲಿ ವ್ಯಾಪಾರಿಗಳನ್ನು ನಂಬುವಂತಿಲ್ಲ. ಪೇಟೆಯಿಂದ ತಂದ ಬಾಟಲಿಯಲ್ಲಿ ಹೊಂಗೆಯ ಕಟುವಾಸನೆಯೇ ಇರಲಿಲ್ಲ, ಯಾವಾಗ ಹಿಂಡಿದ್ದು ಎಂಬ ಗುರುತೂ ಇರಲಿಲ್ಲ. ಬೀಜ ಆರಿಸಿ ಗಾಣದಲ್ಲಿ ಕಣ್ಣೆದುರೇ ಹಿಂಡಿಸಿಕೊಳ್ಳುವುದೊಂದೇ ಉಪಾಯ. ಮುಂದಿನ ಸರದಿ ಸುರಹೊನ್ನೆಯದು. ಕುಮಟಾ, ಕಾರವಾರದ ಕಡಲಂಚಿನಲ್ಲಿ ಕಾಯಿಗೆ ಬರವಿಲ್ಲ. ಆದರೆ ವಾರಗಟ್ಟಲೆ ಒಣಗಿಸದೆ ಅದರ ತಿರುಳಿನಿಂದ ಎಣ್ಣೆ ಬಾರದು, ಘಟ್ಟದ ಮೇಲಿನ ಮಳೆಯಲ್ಲಿ ಅದಕ್ಕೆ ಅಡಿಕೆ ಒಣಗಿಸುವ ಅಟ್ಟವೇ ಗತಿ.

ಈಗ ಉಳಿದಿರುವುದು ಮೊಟ್ಟೆಗಳು. ಸತ್ತ ಹೆಣ್ಣು ನುಸಿಗಳ ಪಕ್ಕದಲ್ಲಿದ್ದ ಮೊಟ್ಟೆಗಳು ಹೊಂಗೆಯ ಬಟ್ಟಲಿನಲ್ಲಿಯೇ ಒಡೆದು, ಆರು ಕಾಲಿನ ಮರಿಗಳು ಹೊರಬಂದವು. ತುರಿಕಜ್ಜಿಗೆ ಕೊಡುವ ಶೇ. 5ರ ಪರ್ಮೆಥ್ರಿನ್ ಮುಲಾಮನ್ನು ವಾರದ ಬಳಿಕ ಮತ್ತೊಮ್ಮೆ ಹಚ್ಚಲು ವೈದ್ಯರು ಹೇಳುವುದು ಉಳಿದುಕೊಳ್ಳುವ ಇಂಥ ಮೊಟ್ಟೆ, ಮರಿಗಳ ಕಾರಣಕ್ಕಾಗಿಯೇ; ಮನೆಮಂದಿಯೆಲ್ಲ ಒಟ್ಟಿಗೆ ಹಚ್ಚಿಕೊಳ್ಳಬೇಕೆನ್ನುವುದು ನುಸಿ ಒಬ್ಬರಿಂದ ಒಬ್ಬರಿಗೆ ಮತ್ತೆ ಹರಡದಿರಲೆಂದು. ಬಟ್ಟಲಿನ ಫಲಿತಾಂಶ ನೋಡಿ ಯಾರೂ ಆ ಮುಲಾಮನ್ನು ಬಿಟ್ಟು ಹೊಂಗೆ ಎಣ್ಣೆಗೆ ಕೈಹಾಕಬಾರದು. ಮೊಟ್ಟೆಗಳನ್ನಷ್ಟೇ ಬೇರ್ಪಡಿಸಿ, ಹೊಂಗೆ ಎಣ್ಣೆಯ ಪ್ರಮಾಣವನ್ನು ಶೇ. 20ಕ್ಕೆ ಏರಿಸಿ, ಒಡೆಯುವವರೆಗೂ ಕಾಯುವ ಪರೀಕ್ಷೆಗೆ ಹೊಸ ಹಕ್ಕಳೆ ಬರಬೇಕಿದೆ.