ಮರಿ ಆಮೆಯ ಗೂಡು: ಏಳು ವಾರಗಳ ಕೆಲಸದ ವಿವರ

ಡಿಸೆಂಬರ್ ಕೊನೆಯ ವಾರದಲ್ಲಿ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ಬಂದ ಸಲ್ಕಾಟಾ ಆಮೆಮರಿ ಅಂದು 41 ಗ್ರಾಂ ತೂಗುತ್ತಿತ್ತು. ಆಫ್ರಿಕಾದ ಸಾಹೆಲ್ ಪ್ರದೇಶಕ್ಕೆ ಸೇರಿದ ಈ ಜಾತಿ ಬೆಳೆದಾಗ 40 ಕಿಲೋ ದಾಟಬಲ್ಲದು. ಆದ್ದರಿಂದ ತುಮಕೂರಿನ ಬಳಿಯ ಅಣ್ಣನ ತೋಟದಲ್ಲಿ ಅದಕ್ಕೊಂದು ಜಾಗ ಗೊತ್ತುಮಾಡಿದ ಮೇಲೆಯೇ ಸಾಕಲು ಒಪ್ಪಿದೆ. ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಲ್ಕಾಟಾದಂಥ ಹೊರನಾಡಿನ ಜಾತಿಯನ್ನೂ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಆ ಕಾಗದಪತ್ರಗಳ ಕೆಲಸಕ್ಕೇ ನವೆಂಬರ್ ಪೂರ್ತಿ ಹಿಡಿಯಿತು.

ಮೊದಲ ವಾರಗಳಲ್ಲಿ ಮರಿ ಇದ್ದದ್ದು ಹಳೆಯ ಪುಸ್ತಕದ ಕಪಾಟನ್ನು ಅಂಗಾತ ಮಲಗಿಸಿ ಮಾಡಿದ ತೆರೆದ ತೊಟ್ಟಿಯಲ್ಲಿ. ಅದರೊಳಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಸಿ, ಒಂದು ತುದಿಗೆ ಬಿಸಿ ಬಲ್ಬನ್ನೂ ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಕೊಡುತ್ತದೆಂದು ಅಂಗಡಿಯವರು ಕೊಟ್ಟ ಸುರುಳಿ ದೀಪವನ್ನೂ ತೂಗುಹಾಕಿದ್ದೆ. ನೋಡಲು ಚೆನ್ನಾಗಿತ್ತು, ಮರಿಯೂ ಓಡಾಡಿಕೊಂಡಿತ್ತು. ಆದರೆ ಜನವರಿಯ ಮಧ್ಯಾಹ್ನಗಳಲ್ಲಿ ತೇವಾಂಶದ ಮಾಪಕ ಶೇ 38ಕ್ಕೆ ಇಳಿಯುತ್ತಿತ್ತು. ನೀರು ಚಿಮುಕಿಸಿದರೆ ಶೇ 70ಕ್ಕೆ ಏರಿ, ಅರ್ಧ ಗಂಟೆಯೊಳಗೆ ಮತ್ತೆ ಮೊದಲಿನಂತಾಗುತ್ತಿತ್ತು. ಬಲ್ಬು ಬಿಸಿಗಾಳಿಯನ್ನು ಮೇಲಕ್ಕೆ ಎಳೆದು ಕೋಣೆಗೆ ಬಿಡುತ್ತಿತ್ತು, ಆ ಗಾಳಿಯೊಂದಿಗೆ ತೇವವೂ ಹೊರಟುಹೋಗುತ್ತಿತ್ತು.

ತೇವದ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಸಲ್ಕಾಟಾ ಮರಳುಗಾಡಿನ ಅಂಚಿನ ಪ್ರಾಣಿ, ಆದ್ದರಿಂದ ಅದಕ್ಕೆ ಒಣ ಹವೆಯೇ ಬೇಕೆಂದು ಬಹುಕಾಲ ನಂಬಲಾಗಿತ್ತು. ಆದರೆ ಕಾಡಿನಲ್ಲಿ ಅದರ ಮರಿಗಳು ದಿನದ ಹೆಚ್ಚು ಹೊತ್ತನ್ನು ಕಳೆಯುವುದು ತೇವ ನಿಂತ ಬಿಲಗಳಲ್ಲಿ ಮತ್ತು ಬೇರುಗಳ ಮರೆಯಲ್ಲಿ. ವೀಸ್ನರ್ ಮತ್ತು ಐಬೆನ್ ಎಂಬ ವಿಯೆನ್ನಾದ ಪಶುವೈದ್ಯ ಸಂಶೋಧಕರು ಇದೇ ಜಾತಿಯ ಮರಿಗಳನ್ನು ಬೇರೆ ಬೇರೆ ತೇವಾಂಶದಲ್ಲಿ ಬೆಳೆಸಿ, ಒಣ ಹವೆಯಲ್ಲಿ ಬೆಳೆದವುಗಳ ಬೆನ್ನುಚಿಪ್ಪು ಗೋಪುರಗಳಂತೆ ಉಬ್ಬುವುದನ್ನು ತೋರಿಸಿದರು. ಆಹಾರದಲ್ಲಿನ ಪ್ರೋಟೀನಿನ ಪ್ರಭಾವ ಅದರ ಮುಂದೆ ಅಲ್ಪವೆಂದು 2003ರಲ್ಲಿ ಪ್ರಕಟವಾದ ಅವರ ಬರಹ ಹೇಳುತ್ತದೆ. ಒಮ್ಮೆ ಉಬ್ಬಿದ ಚಿಪ್ಪು ಮತ್ತೆ ಸಮತಟ್ಟಾಗುವುದಿಲ್ಲ. ಹಾಗಾಗಿ ಈ ಮೊದಲ ವರ್ಷವನ್ನು ಉದಾಸೀನ ಮಾಡುವಂತಿರಲಿಲ್ಲ.

ಮೂರನೆಯ ವಾರದಲ್ಲಿ ಗೆಳೆಯರೊಬ್ಬರಿಂದ ಅತಿನೇರಳೆ ಸೂಚ್ಯಂಕ ಅಳೆಯುವ ಮಾಪಕವನ್ನು ಎರಡು ದಿನಕ್ಕೆಂದು ತಂದೆ. ಸುರುಳಿ ದೀಪದ ಕೆಳಗೆ ಮರಿಯ ಬೆನ್ನಿನ ಮಟ್ಟದಲ್ಲಿ ಅದು ತೋರಿಸಿದ್ದು 0.0. ದೀಪ ನೇರಳೆ ಬಣ್ಣದಲ್ಲಿ ಹೊಳೆಯುತ್ತಿತ್ತಷ್ಟೇ. ನಮ್ಮ ಕಣ್ಣಿಗೆ ಕಾಣುವ ಬಣ್ಣಕ್ಕೂ, 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಕಾಣದ ಯುವಿಬಿ ಕಿರಣಕ್ಕೂ ಸಂಬಂಧವಿಲ್ಲ. ಆ ಕಿರಣ ಚರ್ಮಕ್ಕೆ ತಗಲದಿದ್ದರೆ ವಿಟಮಿನ್ ಡಿ3 ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಕೊನೆಗೆ ಚಿಪ್ಪು ಮೆತ್ತಗಾಗುತ್ತದೆ. ಮೂರು ವಾರ ಮರಿಯನ್ನು ಹೀಗೆ ಇಟ್ಟಿದ್ದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಬಿಸಿಲಿನಲ್ಲಿ ಹಿಡಿದರೂ ಮಾಪಕ ಸೊನ್ನೆಯನ್ನೇ ತೋರಿಸಿತು, ಏಕೆಂದರೆ ಸಾಮಾನ್ಯ ಗಾಜು ಯುವಿಬಿಯನ್ನು ಒಳಗೆ ಬಿಡುವುದಿಲ್ಲ. ತೆರೆದ ಬಾಲ್ಕನಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮಾತ್ರ 2 ಬಂತು. ಅಂದಿನಿಂದ ಪ್ರತಿದಿನ ಇಪ್ಪತ್ತು ನಿಮಿಷ, ಅರ್ಧ ನೆರಳಿರುವ ಬುಟ್ಟಿಯಲ್ಲಿ, ಕಾಗೆಗೆ ಸಿಗದಂತೆ ಮೇಲೆ ಜಾಲರಿ ಮುಚ್ಚಿ, ನಾನು ಪಕ್ಕದಲ್ಲೇ ಕೂತು ಅದಕ್ಕೆ ಎಳೆಬಿಸಿಲು ಕಾಯಿಸುತ್ತಿದ್ದೇನೆ.

ಈಗಿನ ಗೂಡನ್ನು ನಾಲ್ಕನೆಯ ವಾರ ಬಡಗಿಯಿಂದ ಮಾಡಿಸಿದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪ್ಲೈವುಡ್ ಪೆಟ್ಟಿಗೆ. ಮುಂಭಾಗಕ್ಕೆ ಸರಿಯುವ ಗಾಜು, ಮೇಲ್ಭಾಗ ಪೂರ್ತಿ ಮುಚ್ಚಿಗೆ, ಹಿಂಬದಿಯಲ್ಲಿ ಗಾಳಿಗೆ ಎರಡು ಸಣ್ಣ ಕಿಂಡಿ. ಒಳಮೈಗೆ ನೀರು ತಾಗದ ಬಣ್ಣ ಬಳಿದು, ಸಂದುಗಳಿಗೆ ಸಿಲಿಕೋನ್ ಹಾಕಿ, ವಾಸನೆ ಪೂರ್ತಿ ಹೋಗಲೆಂದು ಹತ್ತು ದಿನ ಖಾಲಿ ಬಿಟ್ಟೆವು. ದೀಪಗಳೆಲ್ಲ ಪೆಟ್ಟಿಗೆಯ ಒಳಗೇ ಇರುವುದರಿಂದ ಬಿಸಿಯೂ ತೇವವೂ ಒಟ್ಟಿಗೆ ಉಳಿಯುತ್ತವೆ. ಇಷ್ಟು ದಿನ ಒಂದನ್ನು ಕೊಟ್ಟರೆ ಇನ್ನೊಂದು ಕೈತಪ್ಪುತ್ತಿತ್ತು. ಅಮ್ಮ ಗಾಜು ಸರಿಸಿ ಕೈಯಿಟ್ಟು ನೋಡಿ, "ಬಾಣಂತಿ ಕೋಣೆ ಇದ್ದ ಹಾಗಿದೆ ಕಣೋ, ಈಗ ಸರಿಹೋಯ್ತು" ಎಂದರು.

ಯುವಿಬಿಗೆ 24 ವಾಟ್‌ನ ಟಿ5 ಕೊಳವೆ ದೀಪವನ್ನು ಪ್ರತಿಫಲಕದೊಂದಿಗೆ ಮಾಡಿಗೆ ಕೂರಿಸಿದ್ದೇನೆ. ಹತ್ತು ಸೆಂಟಿಮೀಟರ್ ಹಾಸು ಕಳೆದರೆ ಮರಿಯ ಬೆನ್ನಿಗೂ ದೀಪಕ್ಕೂ ಸುಮಾರು 40 ಸೆಂಟಿಮೀಟರ್ ಅಂತರ ಉಳಿಯುತ್ತದೆ. ಮತ್ತೊಮ್ಮೆ ಎರವಲು ತಂದ ಮಾಪಕ ಅಲ್ಲಿ 3.4 ತೋರಿಸಿತು. ನಡುವೆ ಕಬ್ಬಿಣದ ಜಾಲರಿ ಹಿಡಿದಾಗ 2.2ಕ್ಕೆ ಇಳಿದದ್ದರಿಂದ ದೀಪಕ್ಕೆ ಜಾಲರಿ ಹಾಕುವ ಯೋಚನೆ ಬಿಟ್ಟೆ. ಕೊಳವೆಯ ಪಕ್ಕದಲ್ಲೇ 50 ವಾಟ್‌ನ ಹ್ಯಾಲೊಜೆನ್ ಬಲ್ಬು ನೇರ ಕೆಳಮುಖವಾಗಿದೆ, ಅದರಡಿಯ ಚಪ್ಪಡಿ ಕಲ್ಲು 36 ಡಿಗ್ರಿಗೆ ಕಾಯುತ್ತದೆ. ಕಲ್ಲಿನ ಬಿಸಿಯನ್ನು ಕಾರ್ಖಾನೆಗಳಲ್ಲಿ ಬಳಸುವ ಇನ್‌ಫ್ರಾರೆಡ್ ಮಾಪಕದಿಂದಲೇ ನೋಡಬೇಕು. ಹಣೆಗೆ ಹಿಡಿದು ಜ್ವರ ನೋಡುವ ಉಪಕರಣ ಈ ಕೆಲಸಕ್ಕೆ ಆಗುವುದಿಲ್ಲ. ತಂಪು ತುದಿ 27 ಡಿಗ್ರಿಯಲ್ಲಿ ನಿಂತಿದೆ, ಅಲ್ಲಿ ಒದ್ದೆ ಪಾಚಿ ತುಂಬಿದ ಮಡಕೆಯೊಂದನ್ನು ಅಡ್ಡ ಮಲಗಿಸಿ ಅಡಗುದಾಣ ಮಾಡಿದ್ದೇನೆ. ದೀಪಗಳು ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಟೈಮರಿನಲ್ಲಿ ನಡೆಯುತ್ತವೆ.

ರಾತ್ರಿ ಬೆಳಕು ಬೇಡ, ಬಿಸಿ ಬೇಕು. ಬೆಂಗಳೂರಿನ ಜನವರಿ ರಾತ್ರಿ 15 ಡಿಗ್ರಿಗೆ ಇಳಿಯುವುದುಂಟು, ಒದ್ದೆ ಹಾಸಿನ ಮೇಲೆ ಆ ಚಳಿ ತಗುಲಿದರೆ ಮರಿಗೆ ಉಸಿರಾಟದ ಸೋಂಕು ಬರಬಹುದು. ಆದ್ದರಿಂದ 60 ವಾಟ್‌ನ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟ್‌ಗೆ ಜೋಡಿಸಿ 26 ಡಿಗ್ರಿಗೆ ಕಟ್ಟಿದ್ದೇನೆ, ಕರೆಂಟು ಹೋದರೆಂದು ಅದೊಂದನ್ನು ಮಾತ್ರ ಮನೆಯ ಯುಪಿಎಸ್‌ಗೆ ಕೊಟ್ಟಿದ್ದೇನೆ.

ಊಟಕ್ಕೆ ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು; ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುವ ಆಕ್ಸಲೇಟ್ ಹೆಚ್ಚಿರುವ ಪಾಲಕ್ ಕೊಡುವುದಿಲ್ಲ.

ಏಳನೆಯ ವಾರದ ಕೊನೆಗೆ ತೂಕ 58 ಗ್ರಾಂ, ಗೂಡಿನ ತೇವಾಂಶ ಹಗಲಿರುಳು ಶೇ 80ರ ಆಸುಪಾಸು. ಚಿಪ್ಪಿನ ಫಲಕಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆ ಮೂಡಿದೆ. ಅದು ಹೊಸ ಬೆಳವಣಿಗೆ, ಬೆರಳು ಆಡಿಸಿದರೆ ಈವರೆಗೆ ನುಣುಪಾಗಿಯೇ ಇದೆ. ಕೊಳವೆ ಉರಿಯುತ್ತಿದ್ದರೂ ಅದರ ಯುವಿಬಿ ತಿಂಗಳು ಕಳೆದಂತೆ ಕುಗ್ಗುತ್ತದೆ, ಹಾಗಾಗಿ ಜುಲೈನಲ್ಲಿ ಮಾಪಕವನ್ನು ಮತ್ತೆ ತರಬೇಕು.