ನೀರು ಇಳಿಯುವವರೆಗೆ

ಬೆಳಗ್ಗೆ ಎಂಟೂವರೆ. ನಾವು ದಾಟಬೇಕಿದ್ದ ಕಾಲುದಾರಿ ನೀರಿನಡಿಯಲ್ಲಿತ್ತು.

ಜಾಗದ ಹೆಸರು ಗ್ಯಾನ್. ವೇಲ್ಸ್‌ನ ಪೆಂಬ್ರೋಕ್‌ಶೈರ್‌ನಲ್ಲಿ, ಡೇಲ್ ಎಂಬ ಪುಟ್ಟ ಊರಿನ ಪಕ್ಕ. ಒಂದು ಸಣ್ಣ ಹೊಳೆ ಸಮುದ್ರ ಸೇರುವ ಬಾಯಿ ಅದು. ಇಳಿತದ ಹೊತ್ತಿನಲ್ಲಿ ಮರದ ಹಲಗೆಯ ಕಿರಿದಾದ ದಾರಿಯ ಮೇಲೆ ಆಚೆ ದಡಕ್ಕೆ ಹೋಗಬಹುದು. ಭರತದ, ಅಂದರೆ ಉಬ್ಬರದ ಹೊತ್ತಿನಲ್ಲಿ ಆ ಹಲಗೆಯೇ ಕಾಣುವುದಿಲ್ಲ. ಆಗ ರಸ್ತೆ ಹಿಡಿದು ಮೈಲಿಗಟ್ಟಲೆ ಸುತ್ತು ಹಾಕಬೇಕು.

ನನ್ನ ಕೈಯಲ್ಲಿ ಉಬ್ಬರವಿಳಿತದ ಪಟ್ಟಿ ಇತ್ತು. ಅದರ ಪ್ರಕಾರ ಅವತ್ತು ಪೂರ್ತಿ ಇಳಿತ 11:40ಕ್ಕೆ. ಅದರ ಹಿಂದೆ ಮುಂದೆ ಮೂರೂವರೆ ಗಂಟೆ ದಾರಿ ತೆರೆದಿರುತ್ತದೆ ಎಂದು ಓದಿಕೊಂಡಿದ್ದೆ. ಅಂದರೆ 8:10ಕ್ಕೇ ಹಲಗೆ ಮೇಲೆ ಬರಬೇಕಿತ್ತು. ಬಂದಿರಲಿಲ್ಲ. ನಾನು ಪಟ್ಟಿ ನೋಡಿದೆ, ನೀರು ನೋಡಿದೆ, ಮತ್ತೆ ಪಟ್ಟಿ ನೋಡಿದೆ.

ಅಪ್ಪ ಪಟ್ಟಿ ಕೇಳಲೇ ಇಲ್ಲ. ದಡದ ಕಲ್ಲುಗಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ಒದ್ದೆ ಗುರುತು ಎಲ್ಲಿಯವರೆಗಿದೆ, ನೀರು ಈಗ ಎಲ್ಲಿದೆ ಎಂದು ಕಣ್ಣಲ್ಲೇ ಅಳೆದರು. ಆಮೇಲೆ ಹೇಳಿದರು: "ಇಳಿಯೂಕೆ ಶುರುವಾಗಿ ಎರಡು ತಾಸು ಆಗಿರಬಹುದು, ಮಗಾ. ಅಷ್ಟೇ. ನಿನ್ನ ಕಾಗದದಲ್ಲಿ ಏನೋ ತಪ್ಪಿದೆ."

ಅಪ್ಪನಿಗೆ 66 ವರ್ಷ. ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ದಂಡೆಯ ಒಂದು ಹಳ್ಳಿ ನಮ್ಮದು. ಮೇಷ್ಟ್ರಾಗಿದ್ದವರು. ಶಾಲೆ ಬಿಟ್ಟರೆ ಗಜನಿ ಗದ್ದೆ. ಗಜನಿ ಅಂದರೆ ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ತಗ್ಗಿನ ಭೂಮಿ. ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕಟ್ಟೆಯ ಹಲಗೆ ಬಾಗಿಲು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎನ್ನುವುದೆಲ್ಲ ನೀರಿನ ಲೆಕ್ಕ. ನಮ್ಮ ಅಜ್ಜಿ ಇಳಿತ ನೋಡಿಕೊಂಡು ಬುಟ್ಟಿ ಹಿಡಿದು ಬಳಚು ಎಂಬ ಕಪ್ಪೆಚಿಪ್ಪು ಹೆಕ್ಕಲು ಹೋಗುತ್ತಿದ್ದರು. ಮನೆಯಲ್ಲಿ ಗಡಿಯಾರ ಇತ್ತು. ಆದರೆ ಅವರು ಅದನ್ನು ನೋಡಿ ಹೊರಟದ್ದು ನನಗೆ ನೆನಪಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ, ಆ ಬೆಳಗ್ಗೆ ನಾನು ಕಾಗದವನ್ನೇ ನಂಬಿದೆ. "ಇಲ್ಲ ಅಪ್ಪ, ಇದು ಇಲ್ಲಿನವರೇ ಮಾಡಿದ ಪಟ್ಟಿ" ಎಂದೆ.

ಈ ನಡಿಗೆ ನಾನೇ ಹೂಡಿದ್ದು. ಕಾರ್ಡಿಫ್‌ಗೆ ಬಂದು 11 ವರ್ಷವಾಗಿತ್ತು. ಅಪ್ಪ ಮೊದಲ ಸಲ ಬಂದಿದ್ದರು. ಅಮ್ಮನಿಗೆ ಮೊಣಕಾಲು ನೋವು, ದನ ನೋಡಿಕೊಳ್ಳುವವರೂ ಬೇಕು, ಹಾಗಾಗಿ ಅವರು ಬಂದಿರಲಿಲ್ಲ. ಲಂಡನ್ ತೋರಿಸಿದೆ. ಎರಡೇ ದಿನಕ್ಕೆ ಅಪ್ಪನ ಮುಖ ಬಾಡಿತು. ಕಟ್ಟಡಗಳನ್ನು ನೋಡುತ್ತಾ ನಿಲ್ಲುವುದು ಅವರಿಗೆ ಹಿಡಿಸುವುದಿಲ್ಲ. ಊರಲ್ಲಿ ದಿನಕ್ಕೆ ಏಳೆಂಟು ಕಿಲೋಮೀಟರ್ ನಡೆಯುವ ಮನುಷ್ಯ. ಆಗ ಹೊಳೆದದ್ದು ಪೆಂಬ್ರೋಕ್‌ಶೈರ್ ಕರಾವಳಿ ದಾರಿ.

ಈ ದಾರಿ ಒಟ್ಟು 186 ಮೈಲಿ, ಅಂದರೆ ಸುಮಾರು 300 ಕಿಲೋಮೀಟರ್. ತೆರೆದದ್ದು 1970ರಲ್ಲಿ. ಹೆಚ್ಚಿನ ಭಾಗ ರಾಷ್ಟ್ರೀಯ ಉದ್ಯಾನದ ಒಳಗೇ ಹೋಗುತ್ತದೆ. ಪೂರ್ತಿ ನಡೆಯಲು ಎರಡು ವಾರ ಬೇಕು. ನಾವು ಆರಿಸಿಕೊಂಡದ್ದು ಸೇಂಟ್ ಡೇವಿಡ್ಸ್‌ನಿಂದ ಮಿಲ್‌ಫರ್ಡ್ ಹೇವನ್‌ವರೆಗೆ. ಐದು ದಿನದ ನಡಿಗೆ. ವ್ಯವಸ್ಥೆ ಹೀಗೆ: ರಾತ್ರಿ ತಂಗಲು ಕೋಣೆ ಮೊದಲೇ ಕಾದಿರಿಸಿರುತ್ತಾರೆ. ದೊಡ್ಡ ಚೀಲಗಳನ್ನು ಬೆಳಗ್ಗೆ ವ್ಯಾನ್‌ನವರು ಒಯ್ದು ಮುಂದಿನ ಮನೆಗೆ ಮುಟ್ಟಿಸುತ್ತಾರೆ. ನಮ್ಮ ಬೆನ್ನಿಗೆ ಮಳೆ ಕೋಟು, ನೀರು, ತಿಂಡಿ ಇದ್ದರೆ ಸಾಕು. ಜೊತೆಗೊಂದು ನಕ್ಷೆ.

"ಗೈಡ್ ಯಾರು?" ಎಂದು ಅಪ್ಪ ಕೇಳಿದ್ದರು.

"ಗೈಡ್ ಇರಲ್ಲ. ನಾವೇ."

ಅಪ್ಪನಿಗೆ ಅದು ಬಹಳ ಇಷ್ಟವಾಯಿತು. ದಾರಿಯುದ್ದಕ್ಕೂ ಓಕ್ ಮರದ ಕಾಯಿಯ ಚಿತ್ರವಿರುವ ಕಂಬಗಳಿವೆ. ಅವು ಕಂಡರೆ ಸರಿಯಾದ ದಾರಿಯಲ್ಲಿದ್ದೀರಿ ಎಂದು ಅರ್ಥ. ಎರಡನೇ ದಿನಕ್ಕೇ ಅಪ್ಪ ನನಗಿಂತ ಮೊದಲು ಅವನ್ನು ಹುಡುಕುತ್ತಿದ್ದರು. ಅವರಿಗೆ ಅಚ್ಚರಿಯಾದದ್ದು ಬೇರೆ ಸಂಗತಿ. ದಾರಿ ಯಾರದ್ದೋ ಹೊಲದ ಅಂಚಿನಲ್ಲಿ, ಯಾರದ್ದೋ ಕುರಿಗಳ ನಡುವೆ ಹೋಗುತ್ತದೆ. ಯಾರೂ ಬೈಯುವುದಿಲ್ಲ. ಇಲ್ಲಿ ನಡೆಯುವವರ ಹಕ್ಕಿಗೆ ಕಾನೂನಿನ ಬಲವಿದೆ, ನಕ್ಷೆಯಲ್ಲೂ ಅದನ್ನು ಗುರುತಿಸಿರುತ್ತಾರೆ ಎಂದು ವಿವರಿಸಿದೆ. "ನಮ್ಮಲ್ಲೂ ಗದ್ದೆ ಬದುವಿನ ಮೇಲೆ ಎಲ್ಲರೂ ನಡೀತಾರಲ್ಲ. ಬರೆದಿಟ್ಟಿಲ್ಲ ಅಷ್ಟೇ" ಎಂದರು. ಸ್ವಲ್ಪ ದೂರ ಹೋಗಿ, "ಬರೆದಿಡಬೇಕು. ಇಲ್ಲದಿದ್ರೆ ಬೇಲಿ ಬೀಳ್ತದೆ" ಎಂದು ಸೇರಿಸಿದರು.

ಮೊದಲ ಮೂರು ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಲ್ವಾ ಬಂದರಿನ ಏರು, ನ್ಯೂಗೇಲ್‌ನ ಉದ್ದದ ಮರಳು, ಎಲ್ಲವೂ ಚೆಂದವೇ. ಕಾಲು ಸೋತಾಗ ಕರಾವಳಿಯ ಸಣ್ಣ ಬಸ್ ಹಿಡಿದೆವು. ಹಳ್ಳಿ ರಸ್ತೆಯಲ್ಲಿ ಕೈ ಮಾಡಿದರೆ ನಿಲ್ಲಿಸುತ್ತಾರೆ, ನಮ್ಮೂರಿನ ಹಾಗೇ. ನಾಲ್ಕನೇ ದಿನ ಸೇಂಟ್ ಆನ್ಸ್ ಹೆಡ್ ಎಂಬ ಭೂಶಿರ ಸುತ್ತಿ ಡೇಲ್‌ಗೆ ಬಂದೆವು. 1996ರ ಫೆಬ್ರವರಿಯಲ್ಲಿ 'ಸೀ ಎಂಪ್ರೆಸ್' ಎಂಬ ತೈಲ ಹಡಗು ಅಲ್ಲಿ ಬಂಡೆಗೆ ತಾಗಿ, 70,000 ಟನ್‌ಗೂ ಹೆಚ್ಚು ಕಚ್ಚಾತೈಲ ಸಮುದ್ರಕ್ಕೆ ಹರಿದಿತ್ತು. ಸಾವಿರಾರು ಹಕ್ಕಿಗಳು ಸತ್ತಿದ್ದವು. ಅಪ್ಪ ಆ ಬಂಡೆಗಳನ್ನು ನೋಡುತ್ತಾ ತುಂಬಾ ಹೊತ್ತು ನಿಂತಿದ್ದರು. ಕೆಳಗೆ ನೀರು ತಿಳಿ ಹಸಿರಾಗಿತ್ತು.

ಐದನೇ ದಿನವೇ ಈ ಗ್ಯಾನ್. ಮುಂದೆ ಸ್ಯಾಂಡಿ ಹೇವನ್ ಎಂಬಲ್ಲಿ ಇಂಥದ್ದೇ ಇನ್ನೊಂದು ದಾಟು. ಎರಡನ್ನೂ ಒಂದೇ ಇಳಿತದಲ್ಲಿ ದಾಟಬೇಕು. ಅದಕ್ಕೇ ನಾನು ಅಷ್ಟು ಬೇಗ ಅಪ್ಪನನ್ನು ಎಬ್ಬಿಸಿ ಹೊರಡಿಸಿದ್ದು.

ಸುತ್ತಿಕೊಂಡು ಹೋಗೋಣ ಎಂದೆ. ಅಪ್ಪ ತಲೆಯಾಡಿಸಲಿಲ್ಲ. "ಇವತ್ತು ಅಮಾವಾಸ್ಯೆ" ಎಂದರು. "ಇಳಿತ ದೊಡ್ಡದಿರ್ತದೆ. ಮೊದಲ ತಾಸು ನೀರು ಆಲೋಚನೆ ಮಾಡ್ತದೆ. ಎರಡನೇ ತಾಸು ಹೊರಡ್ತದೆ. ಮೂರು, ನಾಲ್ಕನೇ ತಾಸಿನಲ್ಲಿ ಓಡ್ತದೆ. ಈಗ ಓಡುವ ಹೊತ್ತು ಬಂತು. ಕೂತ್ಕೋ."

ನಾನು ಕೂತೆ. ಸುಮ್ನೆ ಪಟ್ಟಿಯನ್ನು ಮೊದಲಿಂದ ಓದತೊಡಗಿದೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಸಮಯಗಳೆಲ್ಲ ಜಿಎಂಟಿಯಲ್ಲಿ (ಗ್ರೀನಿಚ್ ಸಮಯ) ಇವೆ, ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿಕೊಳ್ಳಿ.

ಬ್ರಿಟನ್‌ನಲ್ಲಿ ಮಾರ್ಚ್ ಕೊನೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಅಕ್ಟೋಬರ್ ಕೊನೆಗೆ ಹಿಂದಕ್ಕೆ ತರುತ್ತಾರೆ. ಸಮುದ್ರ ಇದ್ಯಾವುದನ್ನೂ ಪಾಲಿಸುವುದಿಲ್ಲ, ಅಲ್ವಾ? ಹಾಗಾಗಿ ಎಷ್ಟೋ ಪಟ್ಟಿಗಳು ವರ್ಷವಿಡೀ ಜಿಎಂಟಿಯಲ್ಲೇ ಇರುತ್ತವೆ. ಪೂರ್ತಿ ಇಳಿತ 11:40ಕ್ಕಲ್ಲ, 12:40ಕ್ಕೆ. ಭರತ ತುಂಬಿದ್ದು ಬೆಳಗ್ಗೆ ಆರೂವರೆಗೆ. ಈಗ ಎಂಟೂವರೆ ದಾಟಿತ್ತು. ಎರಡು ತಾಸು, ಅಪ್ಪ ಹೇಳಿದಷ್ಟೇ.

ಹೇಳಿದೆ. ಅಪ್ಪ ಗೆದ್ದವರ ಹಾಗೆ ನಗಲಿಲ್ಲ. "ಒಂದೇ ಗಂಟೆ ಅಲ್ವಾ" ಎಂದು ಚೀಲದಿಂದ ಅವಲಕ್ಕಿ ಡಬ್ಬಿ ತೆಗೆದರು.

ಆ ಮುಂದಿನ ಮುಕ್ಕಾಲು ಗಂಟೆಯೇ ಇಡೀ ನಡಿಗೆಯಲ್ಲಿ ನನಗೆ ಹೆಚ್ಚು ನೆನಪಿರುವುದು. ನಮ್ಮ ಊರಿನ ಕಡೆ ಅಮಾವಾಸ್ಯೆ, ಹುಣ್ಣಿಮೆಗೂ ನೀರು ಎರಡು ಮೀಟರ್ ಆಸುಪಾಸು ಏರಿಳಿಯುತ್ತದೆ. ಮಿಲ್‌ಫರ್ಡ್ ಹೇವನ್ ಕಡೆ ಅದು ಆರು ಮೀಟರ್ ದಾಟುತ್ತದೆ. ಅಷ್ಟು ನೀರು ಆರು ತಾಸಿನಲ್ಲಿ ಖಾಲಿಯಾಗಬೇಕು. ನಡುವಿನ ತಾಸಿನಲ್ಲಿ ಅದು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಅಪ್ಪ ನೀರಿನಂಚಿಗೆ ಒಂದು ಬಿಳಿ ಕಲ್ಲು ಇಟ್ಟರು. ಐದು ನಿಮಿಷಕ್ಕೆ ನೀರು ಅದನ್ನು ಬಿಟ್ಟು ಹೋಗಿತ್ತು. ಇನ್ನೊಂದು ಕಲ್ಲು. ಇನ್ನೊಂದು. ಕಲ್ಲುಗಳ ಒಂದು ಸಾಲೇ ಆಯಿತು. ಕೆಸರಿನ ವಾಸನೆ ಎದ್ದಿತು. ಉಪ್ಪು, ಪಾಚಿ, ಸ್ವಲ್ಪ ಕೊಳೆತ ಎಲೆ. ಅದು ನಮ್ಮ ಹೊಳೆಯದೇ ವಾಸನೆ. ಉದ್ದ ಕೊಕ್ಕಿನ ಹಕ್ಕಿಗಳು ಎಲ್ಲಿಂದಲೋ ಬಂದು ಹೊಸ ಕೆಸರಿನಲ್ಲಿ ಕೊಕ್ಕು ಊರಿದವು. ನಾವು ಮಾತಾಡಲಿಲ್ಲ. ಊರಿಗೆ ಹೋದಾಗಲೂ ಅಪ್ಪನ ಜೊತೆ ಹೀಗೆ ಕೂತು ಎಷ್ಟು ವರ್ಷವಾಗಿತ್ತು!

"ನಮ್ಮಲ್ಲಿ ಅಮಾವಾಸ್ಯೆ ದಿನ ಹಗಲು ಹನ್ನೊಂದು, ಹನ್ನೆರಡರ ಹೊತ್ತಿಗೆ ಭರತ. ಇಲ್ಲಿ ಆ ಹೊತ್ತಿಗೆ ಇಳಿತ" ಎಂದರು ಅಪ್ಪ ಒಮ್ಮೆ. "ಪೂರಾ ಉಲ್ಟಾ."

ಒಂಬತ್ತೂಕಾಲಿಗೆ ಮೊದಲ ಹಲಗೆಯ ಅಂಚು ಕಂಡಿತು. ಇನ್ನು ಹತ್ತು ನಿಮಿಷಕ್ಕೆ ಇಡೀ ದಾರಿ ನೀರು ಸುರಿಸುತ್ತಾ ಮೇಲೆ ಬಂತು. ಅಪ್ಪ ಮುಂದೆ, ನಾನು ಹಿಂದೆ. ಹಲಗೆ ಜಾರುತ್ತಿತ್ತು. ಅವರು ತಿರುಗಿ ನೋಡದೆಯೇ ಕೈ ಹಿಂದೆ ಚಾಚಿದರು. ಚಿಕ್ಕವಳಿದ್ದಾಗ ಗಜನಿ ಕಟ್ಟೆಯ ಮೇಲೆ ಹೀಗೇ ಚಾಚುತ್ತಿದ್ದರು. ನಾನು ಹಿಡಿದುಕೊಂಡೆ.

ಸ್ಯಾಂಡಿ ಹೇವನ್ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಅಲ್ಲಿ ಅಗಲದ ಮರಳು ತೆರೆದುಕೊಂಡಿತ್ತು, ದೋಣಿಗಳು ಒಣನೆಲದ ಮೇಲೆ ವಾಲಿ ಮಲಗಿದ್ದವು. ನಡುವೆ ಸಣ್ಣ ತೊರೆ ಅಷ್ಟೇ. ದಾಟುವಾಗ ಅಪ್ಪ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ತಾಗಿಸಿದರು. "ಉಪ್ಪು ಕಮ್ಮಿ. ಮೇಲಿಂದ ಸಿಹಿನೀರು ಬರ್ತಾ ಇದೆ" ಎಂದರು. ನಕ್ಷೆಯಲ್ಲಿ ನೋಡಿದೆ. ಬರುತ್ತಿತ್ತು.

ಅಲ್ಲಿಂದಾಚೆ ನೋಟ ಬದಲಾಗುತ್ತದೆ. ಕತಾರ್‌ನಿಂದ ಹಡಗಿನಲ್ಲಿ ಬರುವ ದ್ರವ ಅನಿಲವನ್ನು ಇಳಿಸುವ ಸೌತ್ ಹುಕ್ ಎಂಬ ದೊಡ್ಡ ಸ್ಥಾವರ. ಭಾರಿ ಟ್ಯಾಂಕುಗಳು, ಉದ್ದದ ಜೆಟ್ಟಿ, ದಾರಿಯ ಪಕ್ಕ ಬೇಲಿ. ಆದರೂ ಕಾಲುದಾರಿಯನ್ನು ಮುಚ್ಚಿಲ್ಲ. ಅಪ್ಪ ಇಲ್ಲಿ ನಿಧಾನವಾದರು. ನಮ್ಮ ಹೊಳೆಯ ಬಾಯಲ್ಲಿರುವ ತದಡಿಯಲ್ಲೂ ದೊಡ್ಡ ವಿದ್ಯುತ್ ಸ್ಥಾವರ, ದೊಡ್ಡ ಬಂದರು ಎಂಬ ಯೋಜನೆಗಳು ಬಂದಿದ್ದವು. ಹೊಳೆದಂಡೆಯ ಜನ ವಿರೋಧಿಸಿದ್ದರು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದಾಗ ಅಪ್ಪ ನನಗೆ ಫೋನ್ ಮಾಡಿ ಪತ್ರಿಕೆಯ ಸುದ್ದಿಯನ್ನು ಪೂರ್ತಿ ಓದಿ ಹೇಳಿದ್ದರು. ಈಗ ಆ ಟ್ಯಾಂಕುಗಳನ್ನು ನೋಡಿ ಏನೂ ಹೇಳಲಿಲ್ಲ. ಬೇಲಿ ದಾಟುವವರೆಗೂ ಮಾತಿಲ್ಲ.

ಮರುದಿನ ಬೆಳಗ್ಗೆ ಏಳಕ್ಕೆ ಅಮ್ಮನಿಗೆ ಫೋನ್ ಮಾಡಿದೆವು. ಊರಲ್ಲಿ ಆಗ ಹನ್ನೊಂದೂವರೆ. ಮಳೆ ಹಿಡಿದಿದೆ, ಆಕಳು ಚೆನ್ನಾಗಿದೆ ಎಂದೆಲ್ಲ ಹೇಳಿ ಮುಗಿಸಿದ ಮೇಲೆ ಅಪ್ಪ ಕೇಳಿದರು, "ನೀರು ಎಲ್ಲಿವರೆಗೆ ಬಂತು?"

"ಈಗ ಭರತ ತುಂಬ್ತಾ ಇದೆ. ಕಟ್ಟೆ ಪಕ್ಕದ ತೆಂಗಿನ ಬುಡಕ್ಕೆ ಬಂತು" ಎಂದರು ಅಮ್ಮ.

ಅಪ್ಪ ಫೋನ್ ಕಿವಿಗೆ ಹಿಡಿದುಕೊಂಡೇ ಎದ್ದು ಕಿಟಕಿಯ ಪರದೆ ಸರಿಸಿದರು. ಕೆಳಗೆ ಮಿಲ್‌ಫರ್ಡ್‌ನ ನೀರು ಗೋಡೆಯ ಒದ್ದೆ ಗುರುತಿನವರೆಗೂ ಏರಿ ನಿಂತಿತ್ತು.

"ಇಲ್ಲೂ ಈಗಲೇ ಕಣೇ" ಎಂದರು.