ದೊಡ್ಡಪ್ಪನ ಹೊಲದ ಕಳ್ಳಿಬೇಲಿ

ಏಪ್ರಿಲ್ ಕೊನೆಗೆ ಕೊಪ್ಪಳ ಕಡೆಯ ನಮ್ಮೂರಿಗೆ ಹೋದಾಗ ಹೊಲದಲ್ಲಿ ಏನೂ ಉಳಿದಿರಲಿಲ್ಲ. ಜೋಳ ಕೊಯ್ದು ಮುಗಿದಿತ್ತು, ಎರೆ ನೆಲ ಬಾಯಿ ಬಿಟ್ಟಿತ್ತು. ಪಾಪಾಸುಕಳ್ಳಿ ಬೇಲಿ ಮಾತ್ರ ಮೈತುಂಬ ಹಳದಿ ಹೂ ಬಿಟ್ಟು ನಿಂತಿತ್ತು.

ಹೂವಿನ ಒಳಗಿನ ಕೇಸರಗಳನ್ನು ಕಡ್ಡಿಯಿಂದ ಸುಮ್ನೆ ಮುಟ್ಟಿ ನೋಡಿ. ಮೆಲ್ಲಗೆ ಒಳಕ್ಕೆ ಬಾಗುತ್ತವೆ. ಜೇನ್ನೊಣ ಕೂತಾಗಲೂ ಹೀಗೇ ಬಾಗಿ ಅದರ ಮೈಗೆ ಪರಾಗ ಮೆತ್ತುತ್ತವೆ. ಆ ದಪ್ಪ ಹಲಗೆಗಳು ಎಲೆಯಲ್ಲ, ಕಾಂಡ. ಎಲೆಗಳೇ ಮುಳ್ಳಾಗಿವೆ. ಗಿಡ ತನ್ನ ಸಣ್ಣ ರಂಧ್ರಗಳನ್ನು ಹಗಲೆಲ್ಲ ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಅದಕ್ಕೇ ಈ ಬಿಸಿಲಲ್ಲೂ ಒಡಲಲ್ಲಿ ನೀರು ಉಳಿಯುತ್ತದೆ.

ಮುಳ್ಳಿನ ನಡುವೆ ಬೆಳವನ ಗೂಡಿತ್ತು. ನಾಲ್ಕು ಕಡ್ಡಿ ಅಡ್ಡಾದಿಡ್ಡಿ ಇಟ್ಟಂಥ ಗೂಡು, ಒಳಗೆ ಎರಡು ಬಿಳಿ ಮೊಟ್ಟೆ. "ಬೆಕ್ಕು ಇಲ್ಲಿ ಕಾಲಿಡಂಗಿಲ್ಲ ನೋಡವಾ, ಅದಕ್ಕ ಇಲ್ಲೇ ಕಟ್ತಾವು" ಅಂದರು ದೊಡ್ಡಪ್ಪ. ಇನ್ನೊಂದು ಮುಳ್ಳಿಗೆ ಮಿಡತೆಯೊಂದು ಸಿಕ್ಕಿಸಿದಂತಿತ್ತು. ಅದು ಕಳಿಂಗ ಹಕ್ಕಿಯ ಕೆಲಸ. ಬೇಟೆಯನ್ನು ಹೀಗೆ ಚುಚ್ಚಿಟ್ಟು ಹರಿದು ತಿನ್ನುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಸ್ಯಾಂಡ್‌ಗ್ರೌಸ್ ಅನ್ನುವ ಹಕ್ಕಿ. ಹೊಲದ ಮಣ್ಣಿನದೇ ಬಣ್ಣ, ಕೂತರೆ ಕಾಣುವುದೇ ಇಲ್ಲ. ಬೆಳಗಿನ ಬಿಸಿಲೇರಿದಾಗ ಗುಂಪಾಗಿ ಹಳ್ಳದ ಗುಂಡಿಗೆ ಇಳಿದವು. ಹೆಣ್ಣುಗಳು ಕುಡಿದು ಹಾರಿದವು. ಒಂದು ಗಂಡು ಮಾತ್ರ ಹೊಟ್ಟೆ ಅದ್ದಿಕೊಂಡು ನೀರಲ್ಲೇ ಕೂತಿತ್ತು. ಅದರ ಹೊಟ್ಟೆಯ ಗರಿ ನೀರು ಹೀರಿಕೊಳ್ಳುತ್ತದೆ. ದೂರದಲ್ಲಿ ಬರೀ ನೆಲದ ಮೇಲಿರುವ ಮರಿಗಳು ಆ ಗರಿಯಿಂದಲೇ ನೀರು ಕುಡಿಯುತ್ತವೆ. ಇಂಥ ಅಪ್ಪಂದಿರು ಓಡಾಡುವ ನೆಲವನ್ನು ಬಂಜರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪಾಪಾಸುಕಳ್ಳಿ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಒಂದು ಕಾಲಕ್ಕೆ ಅದು ದಕ್ಷಿಣ ಭಾರತದಲ್ಲಿ ಎಷ್ಟು ಹಬ್ಬಿತ್ತೆಂದರೆ, 1926ರಲ್ಲಿ ಶ್ರೀಲಂಕಾದಿಂದ ಕಳ್ಳಿಯ ರಸ ಹೀರುವ ಕೊಚಿನೀಲ್ ಹುಳು ತಂದು ಬಿಟ್ಟು ಅದನ್ನು ಹತೋಟಿಗೆ ತಂದರು. ಎಲ್ಲೆಂದರಲ್ಲಿ ನೆಡಿ ಅಂತ ನಾನು ಹೇಳಲ್ಲ. ಆದರೆ ಹಳೆಯ ಬೇಲಿಯಲ್ಲಿ ಹಕ್ಕಿಗಳು ಸಂಸಾರ ಹೂಡಿರುವಾಗ ಜೆಸಿಬಿ ತರಿಸಿ ಕೀಳುವುದು ಬೇರೆ ಮಾತು, ಅಲ್ವಾ?

ನಮ್ಮಲ್ಲೂ ಬಿತ್ತನೆಗೆ ಮೊದಲು ತಂತಿಬೇಲಿ ಹಾಕಿಸುವ ಮಾತಾಗಿತ್ತು. ಹಳ್ಳದ ಕಡೆಯ ಸಾಲನ್ನಾದರೂ ಬಿಡೋಣ ಅಂತ ಕೇಳಿಕೊಂಡೆ. ಅಣ್ಣನಿಗೆ ಹಂದಿ ನುಗ್ಗುವ ಚಿಂತೆ. ದೊಡ್ಡಪ್ಪ ಒಪ್ಪಿದರು. ತಂತಿ ಈಗ ಮೂರು ಕಡೆಗೆ ಮಾತ್ರ.